ಹಲವು ಭಾಷೆ, ಜನಾಂಗಗಳಿದ್ದರೆ ದೇಶ ಒಡೆದೇ ಒಡೆಯುತ್ತದೆಯೇ?

ಹಾಗೇನಿಲ್ಲ. ನಮ್ಮ ಕಾರವಾರದ ಮೀನು ಮಾರ್ಕೆಟ್ಟಿಗೆ ಬನ್ನಿ. ಕೊಂಕಣಿಯಲ್ಲಿ ಶುರುವಾದ ಚೌಕಾಸಿ ಕನ್ನಡದಲ್ಲಿ ಮುಗಿಯುತ್ತದೆ. 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಊರಿದು. ಜಗಳ ಆದರೂ ಹೆಚ್ಚಾಗಿ ಬಂಗಡೆ ದರಕ್ಕೇ!

ಯುರೋಪಿನಲ್ಲಿ ಆರು ಗಣರಾಜ್ಯಗಳು ಸೇರಿ ಆಗಿದ್ದ ದೇಶ ಯುಗೊಸ್ಲಾವಿಯಾ. ಅದು ಒಡೆದದ್ದು ಬರೀ ಜನಾಂಗ ಜಾಸ್ತಿ ಇದ್ದವು ಅಂತಲ್ಲ. ದಶಕಗಳ ಕಾಲ ದೇಶ ಆಳಿದ್ದ ನಾಯಕ ಟಿಟೊ 1980ರಲ್ಲಿ ತೀರಿಕೊಂಡರು. ಸಾಲ, ಬೆಲೆಯೇರಿಕೆ ಮಿತಿಮೀರಿತು. ದುಡ್ಡಿದ್ದ ಸ್ಲೊವೇನಿಯಾಕ್ಕೆ ಬಡ ಗಣರಾಜ್ಯಗಳ ಖರ್ಚು ಹೊರುವುದು ಬೇಡವಾಯಿತು. 1989ರಲ್ಲಿ ಸರ್ಬಿಯಾ ಗಣರಾಜ್ಯ ತನ್ನೊಳಗಿನ ಕೊಸೊವೊ ಪ್ರಾಂತ್ಯದ ಸ್ವಾಯತ್ತತೆ ಕಿತ್ತುಕೊಂಡಿತು. ನಾಳೆ ನಮ್ಮ ಸರದಿಯೋ ಏನೋ ಎಂಬ ಹೆದರಿಕೆ ಉಳಿದವರಿಗೆ. ನಾಯಕರು ಆ ಹೆದರಿಕೆಗೇ ಗಾಳಿ ಹಾಕಿದರು. 1991ರ ಜೂನ್‌ನಲ್ಲಿ ಸ್ಲೊವೇನಿಯಾ, ಕ್ರೊಯೇಷಿಯಾ ಸ್ವಾತಂತ್ರ್ಯ ಸಾರಿದವು.

ಅದೇ ವರ್ಷ ಸೊಮಾಲಿಯಾದ ಸರ್ಕಾರವೂ ಕುಸಿಯಿತು. ಅಲ್ಲಿ ಬಹುತೇಕ ಎಲ್ಲರದೂ ಒಂದೇ ಭಾಷೆ, ಒಂದೇ ಧರ್ಮ, ಅಲ್ವಾ?