ಪಿಎಂ ಕಿಸಾನ್ ಕಂತು ಪಾವತಿಯಾಗಿದೆ ಎನ್ನುತ್ತದೆ, ಪಾಸ್‌ಬುಕ್ಕಿನಲ್ಲಿ ಮಾತ್ರ ಇಲ್ಲ. ಹಣ ಎಲ್ಲಿಗೆ ಹೋಯಿತು?

ಹಾವೇರಿ ಜಿಲ್ಲೆಯಲ್ಲಿ ಜಮೀನಿರುವ ನಿಮ್ಮ ತಂದೆಯವರು ಈಗ ಗೋವಾದ ವಾಸ್ಕೋದಲ್ಲಿ ನಿಮ್ಮೊಂದಿಗಿದ್ದಾರೆ, ಪಿಎಂ ಕಿಸಾನ್ ಜಾಲತಾಣದಲ್ಲಿ 2,000 ರೂಪಾಯಿಯ ಕಂತು ಪಾವತಿಯಾಗಿದೆ ಎಂದು ತೋರಿಸಿದರೂ ಊರಿನ ಬ್ಯಾಂಕಿನ ಖಾತೆಗೆ ಬಂದಿಲ್ಲ ಎಂದು ಬರೆದಿದ್ದೀರಿ. ನೋಂದಣಿಯನ್ನು ಗೋವಾಕ್ಕೆ ವರ್ಗಾಯಿಸಬೇಕೇ, ಜಮೀನನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕೇ ಎಂದೂ ಕೇಳಿದ್ದೀರಿ. ನಾನು ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿ ವಾಸ್ಕೋದಲ್ಲೇ ಇದ್ದೇನೆ; ಇಲ್ಲಿನ ನಮ್ಮವರ ಇಂಥ ಕಾಗದಪತ್ರಗಳನ್ನು ಆಗಾಗ ನೋಡಿಕೊಡುತ್ತೇನೆ. ನನ್ನ ಅಂದಾಜಿನಲ್ಲಿ ಹಣ ತಂದೆಯವರದೇ ಬೇರೊಂದು ಖಾತೆಯಲ್ಲಿದೆ.

ಈ ಹಣ ಆಧಾರ್ ಸಂಖ್ಯೆಯನ್ನು ಆಧರಿಸಿ ಜಮೆಯಾಗುತ್ತದೆ. ಯಾವ ಆಧಾರ್ ಸಂಖ್ಯೆಯ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂಬ ಪಟ್ಟಿಯನ್ನು, ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಸಂಸ್ಥೆ ಇಟ್ಟುಕೊಂಡಿದೆ. ಅದರಲ್ಲಿ ಖಾತೆಯ ಸಂಖ್ಯೆ ಇರುವುದಿಲ್ಲ, ಬ್ಯಾಂಕಿನ ಗುರುತು ಮಾತ್ರ ಇರುತ್ತದೆ. ಅದೂ ಕೊನೆಯದಾಗಿ ಜೋಡಿಸಿದ ಒಂದೇ ಬ್ಯಾಂಕಿನದು. ತಂದೆಯವರಿಗೆ ಇಲ್ಲಿ ಹೊಸ ಖಾತೆ ತೆರೆಸಿದಾಗ, ಸಹಾಯಧನ ಇದೇ ಖಾತೆಗೆ ಬರಲಿ ಎಂಬ ಒಪ್ಪಿಗೆಯ ಸಾಲಿಗೂ ಅರ್ಜಿಯಲ್ಲಿ ಸಹಿ ಬಿದ್ದಿದ್ದರೆ, ಊರಿನ ಬ್ಯಾಂಕಿನ ಹೆಸರು ಆ ಪಟ್ಟಿಯಿಂದ ಅಂದೇ ಹೋಗಿರುತ್ತದೆ. ಅರ್ಜಿಯ ಆ ಸಾಲನ್ನು ಓದಿ ಸಹಿ ಹಾಕಿದವರನ್ನು ನಾನಂತೂ ಕಂಡಿಲ್ಲ. ಊರಿನ ಖಾತೆಗೂ ಆಧಾರ್ ಲಿಂಕ್ ಆಗಿದೆಯಲ್ಲ ಎಂದು ನೀವು ಕೇಳಬಹುದು. ಗುರುತಿಗಾಗಿ ಎಷ್ಟು ಖಾತೆಗಳಿಗೆ ಬೇಕಾದರೂ ಆಧಾರ್ ಕೊಡಬಹುದು, ಸರ್ಕಾರದ ಹಣ ಬರುವ ಜೋಡಣೆ ಮಾತ್ರ ಒಂದಕ್ಕೇ. ಇದು ರೈತರಿಗಷ್ಟೇ ಆಗುವ ತೊಂದರೆಯಲ್ಲ, ಇಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಮೀನುಗಾರರಿಗೆ ಸಿಗುವ ನೆರವೂ ಆಧಾರ್ ಮೂಲಕ ಬಂದರೆ ಇದೇ ದಾರಿ ಹಿಡಿಯುತ್ತದೆ.

ಮೊದಲು ಮೈ ಆಧಾರ್ ಜಾಲತಾಣಕ್ಕೆ ಹೋಗಿ, ತಂದೆಯವರ ಮೊಬೈಲಿಗೆ ಬರುವ ಓಟಿಪಿ ಹಾಕಿ, ಬ್ಯಾಂಕ್ ಸೀಡಿಂಗ್, ಅಂದರೆ ಈ ಜೋಡಣೆಯ ಸ್ಥಿತಿಯನ್ನು ನೋಡಿ. ಅಲ್ಲಿ ಬ್ಯಾಂಕಿನ ಹೆಸರು, ಜೋಡಣೆ ಸಕ್ರಿಯವಾಗಿದೆಯೇ ಎಂಬುದು, ಕೊನೆಯ ಬದಲಾವಣೆಯ ದಿನಾಂಕ ಕಾಣುತ್ತವೆ. ಆ ದಿನಾಂಕವನ್ನು ಹೊಸ ಖಾತೆ ತೆರೆದ ದಿನಾಂಕದೊಂದಿಗೆ ಹೋಲಿಸಿದರೆ ಸಂಗತಿ ತಿಳಿಯುತ್ತದೆ. ಅನಂತರ ಆ ಬ್ಯಾಂಕಿನ ಪಾಸ್‌ಬುಕ್ಕಿಗೆ ನಮೂದು ಹಾಕಿಸಿ. ಒಂದೇ ಬ್ಯಾಂಕಿನಲ್ಲಿ ಎರಡು ಖಾತೆಗಳಿದ್ದರೆ ಎರಡನ್ನೂ ನೋಡಿ. ಮುಂದಿನ ಕಂತುಗಳು ಊರಿನ ಖಾತೆಗೇ ಬರಬೇಕೆಂದಿದ್ದರೆ, ಊರಿನ ಬ್ಯಾಂಕಿಗೆ ಈಗಿನ ಬ್ಯಾಂಕಿನ ಹೆಸರನ್ನೂ ಬರೆದು ಸೀಡಿಂಗ್ ಅರ್ಜಿ ಕೊಡಬೇಕು. ಬಂದ ಹಣ ಮಾತ್ರ ತಾನಾಗಿ ಅಲ್ಲಿಗೆ ಹೋಗುವುದಿಲ್ಲ.

ನೋಂದಣಿಯನ್ನು ಗೋವಾಕ್ಕೆ ತರುವ ಅಗತ್ಯವಿಲ್ಲ. ಪಹಣಿ ಕರ್ನಾಟಕದ್ದಾದ್ದರಿಂದ ಜಮೀನಿನ ಪರಿಶೀಲನೆ ಅಲ್ಲಿಯೇ ನಡೆಯಬೇಕು, ಅದಕ್ಕೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವಿದೆ.

ಜಮೀನನ್ನು ನಿಮ್ಮ ಹೆಸರಿಗೆ ಮಾಡಿಸುವ ಯೋಚನೆಯನ್ನಂತೂ ವರ್ಷಕ್ಕೆ ಬರುವ ಈ 6,000 ರೂಪಾಯಿಗಾಗಿ ಮಾಡಬೇಡಿ. 2019ರ ಫೆಬ್ರುವರಿ 1ರ ನಂತರ ಮಾಲೀಕತ್ವ ಬದಲಾದರೆ, ಮಾಲೀಕರ ಮರಣದಿಂದ ವಾರಸುದಾರರಿಗೆ ಬಂದದ್ದನ್ನು ಬಿಟ್ಟು, ಹೊಸ ಮಾಲೀಕರಿಗೆ ಹಣ ಬರುವುದಿಲ್ಲ. ತಂದೆಯವರಿಗೆ ಬರುತ್ತಿರುವುದೂ ನಿಲ್ಲುತ್ತದೆ. ನೀವು ಆದಾಯ ತೆರಿಗೆ ಕಟ್ಟುವವರಾದರೂ ತಂದೆಯವರ ಅರ್ಹತೆಗೆ ಧಕ್ಕೆಯಿಲ್ಲ, ಏಕೆಂದರೆ ಈ ಯೋಜನೆಯಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಅಪ್ರಾಪ್ತ ಮಕ್ಕಳು ಮಾತ್ರ.

ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತಿನ ದೃಢೀಕರಣ, ಬಾಕಿಯಿದ್ದರೆ ಅದಕ್ಕಾಗಿ ಹಿರಿಯರನ್ನು ಊರಿಗೆಂದು ಲೋಂಡಾ ದಾರಿಯ ರೈಲು ಹತ್ತಿಸಬೇಡಿ. ಇಲ್ಲಿನ ಸಾಮಾನ್ಯ ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟರೂ, ಪಿಎಂ ಕಿಸಾನ್ ಆ್ಯಪ್‌ನಲ್ಲಿ ಮುಖ ತೋರಿಸಿದರೂ ಆಗುತ್ತದೆ.