ಸಿಂಗಾಪುರದಲ್ಲಿ ನಾಲ್ಕು ದಿನ, ಹೋಟೆಲ್ ಮಾಡೋದಾ ನಮ್ಮವರ ಮನೇಲಿ ಇರೋದಾ?

ನೀವು ಕೇಳಿರೋದು ಇಷ್ಟು: ಅತ್ತೇನ ಕರ್ಕೊಂಡು ನಾಲ್ಕು ದಿನ ಸಿಂಗಾಪುರಕ್ಕೆ ಹೋಗ್ತಿದೀರಿ, ಅಲ್ಲಿ ನಿಮ್ಮ ಯಜಮಾನರ ಹಳೇ ಕಲೀಗ್ ಫ್ಯಾಮಿಲಿ ಇದೆ, ನಮ್ಮನೇಲೇ ಇರಿ ಅಂತ ಬಲವಂತ ಮಾಡ್ತಿದಾರೆ, ಅಷ್ಟೇನೂ ಪರಿಚಯ ಇಲ್ದೇ ಇರೋರ ಮನೇಲಿ ಇರೋದು ಸರಿನಾ, ದುಡ್ಡು ಕೊಡ್ಬೇಕಾ, ಏನು ತಗೊಂಡು ಹೋಗ್ಬೇಕು.

ಇರಿ, ಖಂಡಿತ ಅವರ ಮನೇಲೇ ಇರಿ. ನಾನು ಅಮ್ಮನ್ನ ಕರ್ಕೊಂಡು ಹೋಗಿದ್ದು ನಾಲ್ಕು ರಾತ್ರಿಗೆ, ಇಳ್ಕೊಂಡಿದ್ದು ಇಂಜಿನಿಯರಿಂಗಲ್ಲಿ ಜೊತೆಗಿದ್ದ ಗೆಳತಿ ಮನೇಲಿ, ಸೆಂಗ್‌ಕಾಂಗ್ ಅನ್ನೋ ಏರಿಯಾ. ಅವಳ ಗಂಡನ್ನ ಮದುವೇಲಿ ನೋಡಿದ್ದು ಬಿಟ್ರೆ ಮತ್ತೆ ನೋಡಿರ್ಲಿಲ್ಲ, ಮಕ್ಕಳನ್ನಂತೂ ಫೋನಲ್ಲಿ ಬಿಟ್ರೆ ನೋಡೇ ಇರ್ಲಿಲ್ಲ. ನಿಮಗಿರೋ ಮುಜುಗರ ನನಗೂ ಇತ್ತು. ಆದ್ರೆ ಆ ಊರಿನ ಬಗ್ಗೆ ಇವತ್ತು ನನಗೆ ನೆನಪಿರೋದರಲ್ಲಿ ಮುಕ್ಕಾಲು ಭಾಗ ಆ ಮನೆ ಸುತ್ತಮುತ್ತ ದಿನಾ ಬೆಳಿಗ್ಗೆ ಎರಡು ಗಂಟೆ ಹೊತ್ತು, ರಾತ್ರಿ ಒಂದು ಗಂಟೆ ಹೊತ್ತು ನೋಡಿದ್ದೇ ಹೊರತು ಟಿಕೆಟ್ ತಗೊಂಡು ನೋಡಿದ್ದಲ್ಲ.

ಮೊದಲು ದುಡ್ಡಿನ ವಿಷಯ ಹೇಳ್ಬಿಡ್ತೀನಿ, ಇದನ್ನ ಯಾರೂ ಹೇಳಲ್ಲ. ಅಲ್ಲಿ ಹೆಚ್ಚಿನ ಜನ ಇರೋದು ಸರ್ಕಾರ ಕಟ್ಟಿರೋ ಎಚ್‌ಡಿಬಿ ಫ್ಲ್ಯಾಟಲ್ಲಿ, ಅದನ್ನ 6 ತಿಂಗಳಿಗಿಂತ ಕಮ್ಮಿ ಅವಧಿಗೆ ಬಾಡಿಗೆಗೆ ಕೊಡೋ ಹಾಗಿಲ್ಲ, ಕಾಂಡೋ ಥರ ಖಾಸಗಿ ಮನೆ ಆದ್ರೆ 3 ತಿಂಗಳು. ಅದಕ್ಕೇ ಬೇರೆ ಊರಲ್ಲಿ ಸಿಗೋ ಹಾಗೆ ದಿನದ ಲೆಕ್ಕದಲ್ಲಿ ಮನೆ ಅಲ್ಲಿ ಸಿಗಲ್ಲ. ಹಾಗಾಗಿ ನೀವು ಪ್ರೀತಿಯಿಂದ್ಲೇ ಕೊಟ್ರೂ ಉಳ್ಕೊಂಡಿದ್ದಕ್ಕೆ ಅಂತ ದುಡ್ಡು ಕೊಡೋದು ಅವರನ್ನ ಕಷ್ಟಕ್ಕೆ ಸಿಕ್ಕಿಸೋ ಕೆಲಸ, ಆ ಮಾತೇ ಎತ್ತಬೇಡಿ. ನೆಂಟರ ಥರ ನಾಲ್ಕು ದಿನ ಇದ್ದು ಬರೋದಕ್ಕೇನೂ ತೊಂದ್ರೆ ಇಲ್ಲ, ಆದ್ರೆ ಅವರದ್ದೂ ಬಾಡಿಗೆ ಮನೆ ಆಗಿದ್ರೆ ಓನರ್‌ಗೆ ಒಂದು ಮಾತು ಹೇಳಿದೀರಾ ಅಂತ ನೀವಾಗೇ ಕೇಳ್ಬಿಡಿ, ಕೆಲವು ಅಗ್ರಿಮೆಂಟಲ್ಲಿ ಗೆಸ್ಟ್ ಬಗ್ಗೆ ಷರತ್ತು ಇರತ್ತೆ, ಅವರು ಸಂಕೋಚಕ್ಕೆ ನಿಮಗೆ ಹೇಳಿರಲ್ಲ. ದುಡ್ಡು ಖರ್ಚು ಮಾಡ್ಲೇಬೇಕು ಅಂದ್ರೆ ಒಂದು ದಿನದ ತರಕಾರಿ ದಿನಸಿ ನೀವು ತನ್ನಿ, ಒಂದು ರಾತ್ರಿ ಎಲ್ಲರನ್ನೂ ಊಟಕ್ಕೆ ಕರ್ಕೊಂಡು ಹೋಗಿ.

ನಮ್ಮ ಫ್ಲೈಟ್ ಬೆಳಗಿನ ಜಾವ ಇಳೀತು. ಬೆಂಗಳೂರಿಂದ ಬರೀ ನಾಲ್ಕೂವರೆ ಗಂಟೆ ಪ್ರಯಾಣ, ಆದ್ರೆ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಹಾಗಾಗಿ ಮನೆ ತಲುಪೋ ಹೊತ್ತಿಗೆ ಅಲ್ಲಿ ಆರೂವರೆ, ನಮ್ಮ ಮೈಗೆ ಇನ್ನೂ ನಾಲ್ಕು ಗಂಟೆ. ಹೊರಗೆ ಕಗ್ಗತ್ತಲು. ಅಲ್ಲಿ ವರ್ಷಪೂರ್ತಿ ಸೂರ್ಯ ಹುಟ್ಟೋದೇ ಏಳರ ಆಸುಪಾಸಿಗೆ, 1982ರಲ್ಲಿ ಮಲೇಷ್ಯಾ ಜೊತೆ ಗಡಿಯಾರಾನ ಅರ್ಧ ಗಂಟೆ ಮುಂದಕ್ಕೆ ಇಟ್ರಂತೆ. ಗೆಳತಿ ದೊಡ್ಡ ಮಗಳು ಆ ಕತ್ತಲಲ್ಲಿ ಯೂನಿಫಾರ್ಮ್ ಹಾಕ್ಕೊಂಡು ಒಂದು ಕೈಯಲ್ಲಿ ಚಪಾತಿ ರೋಲ್ ಹಿಡ್ಕೊಂಡು ಲಿಫ್ಟ್ ಕಡೆ ಓಡ್ತಿದ್ಲು, ನಮ್ಮನ್ನ ನೋಡಿ ನಿಂತು ಅಮ್ಮನ ಕಾಲಿಗೆ ನಮಸ್ಕಾರ ಮಾಡಿ ಮತ್ತೆ ಓಡಿದ್ಲು. ಅಮ್ಮನಿಗೆ ಕಣ್ಣಲ್ಲಿ ನೀರು. ಈ ಕೂಸು ದಿನಾ ಕತ್ತಲಲ್ಲೇ ಹೋಗತ್ತಾ ಅಂತ ಮೂರು ಸಲ ಕೇಳಿದ್ರು.

ಆ ಮನೇಲಿ ನಾನು ಮರೆಯೋಕಾಗದೇ ಇರೋದು ದೇವರ ಕೋಣೆ. 90ರ ದಶಕದ ಕೊನೆಯಿಂದೀಚೆ ಕಟ್ಟಿದ ಹೆಚ್ಚಿನ ಫ್ಲ್ಯಾಟಲ್ಲಿ ಒಂದು ಪುಟ್ಟ ಕೋಣೆ ಇರತ್ತೆ, ದಪ್ಪ ಕಾಂಕ್ರೀಟ್ ಗೋಡೆ, ಬ್ಯಾಂಕ್ ಲಾಕರ್ ಥರ ಭಾರದ ಸ್ಟೀಲ್ ಬಾಗಿಲು, ಕಿಟಕಿ ಇಲ್ಲ. ಯುದ್ಧ ಗಿದ್ಧ ಆದ್ರೆ ಮನೆಯವರು ಒಳಗೆ ಕೂರೋಕೆ ಅಂತ ಕಟ್ಟಿರೋ ಬಾಂಬ್ ಶೆಲ್ಟರ್ ಅದು. ಆ ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ, ಬಾಗಿಲು ತೆಗೆಸೋ ಹಾಗಿಲ್ಲ, ರೂಲ್ಸು. ಹೆಚ್ಚಿನವರು ಅಕ್ಕಿ ಮೂಟೆ, ಸೂಟ್‌ಕೇಸ್, ಹಳೇ ಫ್ಯಾನ್ ಇಡ್ತಾರೆ. ಇವಳು ಅರ್ಧಕ್ಕೆ ಸಾಮಾನು, ಇನ್ನರ್ಧಕ್ಕೆ ದೇವರು. ಮೊಳೆ ಹೊಡೆಯೋಕಾಗಲ್ವಲ್ಲ, ಒಂದು ಪ್ಲಾಸ್ಟಿಕ್ ರ‍್ಯಾಕ್ ಮೇಲೆ ಫೋಟೋಗಳನ್ನೆಲ್ಲ ಗೋಡೆಗೆ ಒರಗಿಸಿ ನಿಲ್ಸಿದಾಳೆ, ತೀರಿಹೋದ ಅಪ್ಪನ ಫೋಟೋ ಕೆಳಗಿನ ಸಾಲಲ್ಲಿ, ಅದರ ಪಕ್ಕ ಹಾರ್ಲಿಕ್ಸ್ ಬಾಟ್ಲಲ್ಲಿ ಹೂಬತ್ತಿ. ಅಮ್ಮ ಸ್ನಾನ ಮಾಡಿ ಆ ಸ್ಟೀಲ್ ಬಾಗಿಲ ಹೊಸ್ತಿಲಲ್ಲಿ ಮಣೆ ಹಾಕ್ಕೊಂಡು ಕೂತು ದೇವರನಾಮ ಹೇಳಿದ್ರು, ಗೋಡೆ ದಪ್ಪ ಇರೋದಕ್ಕೋ ಏನೋ ಅಮ್ಮನ ಧ್ವನಿ ಹಳೇ ಗರ್ಭಗುಡೀಲಿ ಕೇಳಿದ ಹಾಗೆ ತುಂಬ್ಕೊಂಡು ಬರ್ತಿತ್ತು. ಗೆಳತಿ ಅಡುಗೆಮನೇಲಿ ಒಲೆ ಆರಿಸಿ ಸುಮ್ಮನೆ ನಿಂತಿದ್ಲು. ಇದೆಲ್ಲ ಹೋಟೆಲಲ್ಲಿ ಸಿಗತ್ತಾ ಹೇಳಿ.

ಈಗ ನಾನು ಮಾಡಿದ ತಪ್ಪು, ನೀವು ಮಾಡ್ಬೇಡಿ. ಎರಡನೇ ದಿನ ಗಾರ್ಡನ್ಸ್ ಬೈ ದ ಬೇ ಅನ್ನೋ ದೊಡ್ಡ ಪಾರ್ಕಿಗೆ ಹೋಗಿದ್ವಿ, ಅಲ್ಲಿ ಸೂಪರ್‌ಟ್ರೀ ಅನ್ನೋ ಎತ್ತರದ ಕೃತಕ ಮರಗಳ ಲೈಟ್ ಶೋ ರಾತ್ರಿ 7:45ಕ್ಕೊಂದು 8:45ಕ್ಕೊಂದು ಇರತ್ತೆ, ಫ್ರೀ, ನಿಜಕ್ಕೂ ಚೆನ್ನಾಗಿದೆ. ಮೊದಲನೇದು ನೋಡಿ ಹೊರಡೋ ಬದಲು ಎರಡನೇದೂ ನೋಡೋಣ, ಆಮೇಲೆ ಮರೀನಾ ಬೇ ಸುತ್ತ ಒಂದು ವಾಕ್ ಮಾಡೋಣ ಅಂತ ನಿಂತ್ವಿ, ಫೋನಲ್ಲಿ ಚಾರ್ಜ್ ಖಾಲಿ, ಮನೆ ಸೇರೋ ಹೊತ್ತಿಗೆ ಹನ್ನೊಂದೂ ಕಾಲು. ಗೆಳತಿ, ಅವಳ ಗಂಡ ಇಬ್ರೂ ಊಟ ಮಾಡದೇ ಕಾಯ್ತಿದ್ರು. ಅನ್ನ ಎರಡು ಸಲ ಬಿಸಿ ಮಾಡಿದ್ದು ಕಾಣ್ತಿತ್ತು. ಅವನಿಗೆ ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಆಫೀಸ್ ಕಾಲ್. ಒಂದು ಮಾತೂ ಆಡ್ಲಿಲ್ಲ ಅವರು, ಅದೇ ನನಗೆ ಜಾಸ್ತಿ ಚುಚ್ಚಿದ್ದು. ಅಮ್ಮ ರಾತ್ರಿ ಮಲಗೋವಾಗ ನನಗೆ ಹೇಳಿದ್ದು ಒಂದೇ, ಅವರದ್ದು ಇಲ್ಲಿ ಸಂಸಾರ ಕಣೇ, ನಾವು ನಾಲ್ಕು ದಿನಕ್ಕೆ ಬಂದಿರೋರು ಅಂತ. ಮಾರನೇ ದಿನದಿಂದ ಬೆಳಿಗ್ಗೆ ಹೊರಡೋ ಮುಂಚೆ ರಾತ್ರಿ ಊಟಕ್ಕೆ ಇರ್ತೀವಾ ಇಲ್ವಾ ಅಂತ ಹೇಳಿ ಹೋಗೋ ಅಭ್ಯಾಸ ಮಾಡ್ಕೊಂಡ್ವಿ. ಪವರ್‌ಬ್ಯಾಂಕ್ ಇಟ್ಕೊಳ್ಳಿ, ಒಂದು ಲೋಕಲ್ ಸಿಮ್ ಇಟ್ಕೊಳ್ಳಿ. ಅವರನ್ನ ನಿಮ್ಮ ಜೊತೆ ಓಡಾಡೋಕೆ ರಜೆ ಹಾಕಿಸ್ಬೇಡಿ, ಅವರು ಹಾಕ್ತೀನಿ ಅಂದ್ರೂ ಬೇಡ ಅನ್ನಿ. ಎಂಪ್ಲಾಯ್‌ಮೆಂಟ್ ಪಾಸ್, ಅಂದ್ರೆ ಅಲ್ಲಿನ ಕೆಲಸದ ವೀಸಾ ಮೇಲಿರೋರಿಗೆ ವರ್ಷದ ರಜೆ ಪೂರ್ತಿ ಊರಿಗೆ ಬರೋಕೇ ಎತ್ತಿಟ್ಟಿರೋದು, ಅಪ್ಪ ಅಮ್ಮನ್ನ ನೋಡೋಕೆ ಬರೋ ದಿನಗಳನ್ನ ನಾವು ತಿಂದ ಹಾಗೆ.

ಊರು ಸುತ್ತೋಕೆ ಅವರ ಅಗತ್ಯವೇ ಇಲ್ಲ. ಎಂಆರ್‌ಟಿ ಅನ್ನೋ ಅಲ್ಲಿನ ಮೆಟ್ರೋದಲ್ಲಿ ನಿಮ್ಮ ಕಾಂಟ್ಯಾಕ್ಟ್‌ಲೆಸ್ ಕ್ರೆಡಿಟ್ ಕಾರ್ಡೇ ತೋರಿಸಿ ಓಡಾಡ್ಬೋದು, ನಮ್ಮ ಬ್ಯಾಂಕು ಫಾರಿನ್ ಚಾರ್ಜ್ ಎಷ್ಟು ಹಾಕತ್ತೆ ನೋಡ್ಕೊಳ್ಳಿ ಅಷ್ಟೇ. ಸೆಂಗ್‌ಕಾಂಗಿಂದ ಒಂದೇ ರೈಲಲ್ಲಿ ಲಿಟಲ್ ಇಂಡಿಯಾ. ಅತ್ತೆಗೆ ತಮಿಳು ಸ್ವಲ್ಪ ಬರತ್ತೆ ಅಂದ್ರೆ ಇನ್ನೂ ಖುಷಿಯಾಗತ್ತೆ, ನಮ್ಮಮ್ಮ ಮುಳಬಾಗಿಲಿನ ಕಡೆಯವರು, ತೆಲುಗು ತಮಿಳು ಎರಡೂ ಬರತ್ತೆ, ಅಲ್ಲಿ ತಮಿಳು ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು, ಬೋರ್ಡಲ್ಲಿ ತಮಿಳು ನೋಡಿದ್ದೇ ಅಮ್ಮನ ನಡಿಗೇನೇ ಬದಲಾಯ್ತು. ಟೆಕ್ಕಾ ಮಾರ್ಕೆಟ್‌ಗೆ ಬೆಳಿಗ್ಗೇನೇ ಹೋಗಿ, ಬಾಳೆ ಎಲೆ, ಕರಿಬೇವು, ನುಗ್ಗೆಕಾಯಿ, ಹೊರಗಡೆ ಬಫಲೋ ರೋಡಲ್ಲಿ ಮಲ್ಲಿಗೆ ಹಾರ. ಮೊದಲು ಅಲ್ಲಿ ದನ ಎಮ್ಮೆ ವ್ಯಾಪಾರ ಇತ್ತಂತೆ, ಅದಕ್ಕೇ ಆ ಹೆಸರು, ಪಕ್ಕದ ಕೆರ್‌ಬಾವ್ ರೋಡ್ ಅಂದ್ರೂ ಮಲಯ್ ಭಾಷೇಲಿ ಎಮ್ಮೆ ಅಂತಾನೇ. ಅಲ್ಲಿಂದ ಸೆರಂಗೂನ್ ರೋಡಲ್ಲಿ ನಡ್ಕೊಂಡು ಹೋದ್ರೆ ವೀರಮಾಕಾಳಿ ಅಮ್ಮನ ಗುಡಿ, ಇನ್ನೂ ಮುಂದೆ ಶ್ರೀನಿವಾಸ ಪೆರುಮಾಳ್ ಗುಡಿ, ಮಧ್ಯಾಹ್ನ ಬಾಗಿಲು ಹಾಕ್ತಾರೆ, ಅದಕ್ಕೆ ಮುಂಚೆ ತಲುಪಿ.

ವೆಜಿಟೇರಿಯನ್ ಆದ್ರೆ ಎರಡು ವಿಷಯ. ಹಾಕರ್ ಸೆಂಟರ್ ಅಂದ್ರೆ ಒಂದೇ ಕಡೆ ಸಾಲಾಗಿ ಊಟ ತಿಂಡಿ ಅಂಗಡಿ ಇರೋ ಜಾಗ, ಅಲ್ಲಿ ಚೈನೀಸ್ ವೆಜಿಟೇರಿಯನ್ ಅಂಗಡಿ ಇರ್ತವೆ, ಬೌದ್ಧರ ಅಡುಗೆ, ಅಲ್ಲಿ ಸೋಯಾ, ಗೋಧಿ ಅಂಟಲ್ಲಿ ಮಾಂಸದ ಥರಾನೇ ಕಾಣೋ ಹಾಗೆ ಮಾಡಿರ್ತಾರೆ, ಅತ್ತೆಗೆ ಮೊದಲೇ ಹೇಳಿ, ನಮ್ಮಮ್ಮ ತಟ್ಟೆ ನೋಡಿದ ಕೂಡ್ಲೇ ಎದ್ದುಬಿಟ್ರು. ಇನ್ನೊಂದು ಕಾಯಾ ಟೋಸ್ಟ್, ಎಲ್ಲರೂ ತಿನ್ನಿ ಅಂತಾರೆ, ಬ್ರೆಡ್ ಮೇಲೆ ಸವರೋ ಆ ಕಾಯಾದಲ್ಲಿ ತೆಂಗಿನ ಹಾಲಿನ ಜೊತೆ ಮೊಟ್ಟೆ ಇರತ್ತೆ. ಕಾಫಿಗೆ ಕೋಪಿ ಅಂತಾರೆ, ಸುಮ್ಮನೆ ಕೋಪಿ ಅಂದ್ರೆ ಕಂಡೆನ್ಸ್‌ಡ್ ಮಿಲ್ಕ್ ಹಾಕಿ ಸಿಹಿ ಪಾನಕ ಮಾಡ್ಕೊಡ್ತಾರೆ, ಸಕ್ಕರೆ ಕಮ್ಮಿ ಬೇಕಂದ್ರೆ ಸಿಯು ದಾಯ್ ಅನ್ನಿ, ಹಾಲು ಬೇಡ ಅಂದ್ರೆ ಕೋಪಿ ಓ. ತಿಂದಾದ್ಮೇಲೆ ತಟ್ಟೆ ನೀವೇ ಎತ್ತಿಡ್ಬೇಕು, 2021ರಿಂದ ಅದು ಕಡ್ಡಾಯ. ಮೇಜಿನ ಮೇಲೆ ಟಿಶ್ಯೂ ಪ್ಯಾಕೆಟ್ ಇದ್ರೆ ಅಲ್ಲಿ ಕೂರ್ಬೇಡಿ, ಯಾರೋ ಟವಲ್ ಹಾಕಿ ಸೀಟ್ ಹಿಡ್ದಿರೋ ಹಾಗೆ ಅದು.

ಮೂರನೇ ದಿನ ಬೆಳಿಗ್ಗೆ ನಾವು ಎಲ್ಲೂ ಹೋಗ್ಲಿಲ್ಲ. ಚಿಕ್ಕವನನ್ನ ಶಾಲೆ ಬಸ್ಸಿಗೆ ಬಿಡೋಕೆ ಗೆಳತಿ ಜೊತೆ ಕೆಳಗಿಳಿದ್ವಿ. ಬ್ಲಾಕ್ ಕೆಳಗೆ ವಾಯ್ಡ್ ಡೆಕ್ ಅಂತ ಖಾಲಿ ಜಾಗ ಇರತ್ತೆ, ಅಲ್ಲೇ ಮಲಯ್ ಮದುವೇನೂ ಆಗತ್ತೆ, ಅಲ್ಲೇ ಚೈನೀಸರ ಸಾವಿನ ಕಾರ್ಯಾನೂ ಆಗತ್ತೆ. ಅವತ್ತು ಐದಾರು ಜನ ವಯಸ್ಸಾದ ಚೈನೀಸ್ ಹೆಂಗಸರು ಕಲ್ಲು ಬೆಂಚ್ ಮೇಲೆ ಕೂತಿದ್ರು, ಒಬ್ಬರು ಅಮ್ಮನ ಕೈ ಬಳೆ ಹಿಡ್ಕೊಂಡು ಏನೋ ಹೇಳಿದ್ರು, ಅಮ್ಮ ಕನ್ನಡದಲ್ಲೇ ಉತ್ತರ ಕೊಟ್ರು, ಹದಿನೈದು ನಿಮಿಷ ಹಂಗೇ ನಡೀತು. ನಾಲ್ಕನೇ ದಿನಾನೂ ಅಮ್ಮ ತಲೆ ಬಾಚ್ಕೊಂಡು ತಾವೇ ಕೆಳಗೆ ಇಳಿದು ಹೋದ್ರು. ನಿಮ್ಮ ಅತ್ತೆಗೂ ಒಂದು ಬೆಳಿಗ್ಗೆ ಹೀಗೆ ಖಾಲಿ ಬಿಡಿ.

ಅವರ ಹತ್ರ ಪಿಆರ್ (ಅಲ್ಲೇ ಖಾಯಂ ಇರೋಕೆ ಅನುಮತಿ) ಬಂತಾ, ಬಾಡಿಗೆ ಎಷ್ಟು, ವಾಪಸ್ ಯಾವಾಗ ಬರ್ತೀರಾ, ಈ ಮೂರು ಕೇಳ್ಬೇಡಿ ದಯವಿಟ್ಟು. ಊರಿಂದ ಬಂದೋರೆಲ್ಲ ಇದನ್ನೇ ಕೇಳೋದು. ಪಿಆರ್‌ಗೆ ಎರಡು ಸಲ ಹಾಕಿದ ಅರ್ಜಿ ವಾಪಸ್ ಬಂದಿದೆ ಅಂತ ಗೆಳತಿ ತಾನಾಗೇ ಹೇಳಿದ್ದು ಕೊನೇ ರಾತ್ರಿ, ಬಟ್ಟೆ ಮಡಚ್ತಾ.

ಏನು ತಗೊಂಡು ಹೋಗ್ಬೇಕು ಅಂದ್ರೆ ಅಲ್ಲಿ ಎಲ್ಲಾ ಸಿಗತ್ತೆ, ಅಂಗಡೀಲಿ ಸಿಗದೇ ಇರೋದು ಮನೇಲಿ ಮಾಡಿದ್ದು. ಅಮ್ಮ ಬ್ಯಾಡಗಿ ಮೆಣಸಿನಕಾಯಿ ಹುರಿದು ಮಾಡಿದ ಸಾರಿನ ಪುಡಿ, ಹುರಿಗಾಳು, ಅಕ್ಕಿ ಹಪ್ಪಳ ಒಯ್ದಿದ್ರು. ಗಸಗಸೆ ಮಾತ್ರ ಮರೆತೂ ಇಡ್ಬೇಡಿ, ಅಲ್ಲಿ ಅದು ನಿಷೇಧ, ಬಿಸಿಬೇಳೆ ಬಾತ್ ಪುಡಿಗೆ ಕೆಲವರು ಹಾಕ್ತಾರೆ, ಅತ್ತೇನ ಕೇಳಿ ನೋಡಿ. ಚೂಯಿಂಗ್ ಗಮ್, ಗುಟ್ಕಾ, ವೇಪ್ ಯಾವುದೂ ಬೇಡ. ವೀಸಾ ಅಲ್ದೇ ಅರೈವಲ್ ಕಾರ್ಡ್ ಅಂತ ಆನ್‌ಲೈನ್ ಫಾರ್ಮ್ ಇದೆ, ಇಳಿಯೋಕೆ ಮುಂಚಿನ 3 ದಿನದೊಳಗೆ ತುಂಬ್ಬೇಕು, ಅದಕ್ಕೆ ದುಡ್ಡಿಲ್ಲ, ದುಡ್ಡು ಕೇಳೋ ಸೈಟ್ ಕಂಡ್ರೆ ಅದು ಸರ್ಕಾರದ್ದಲ್ಲ. ಅದರಲ್ಲಿ ಉಳ್ಕೊಳ್ಳೋ ಜಾಗ ಕೇಳ್ತಾರೆ, ಹಾಗಾಗಿ ಅವರ ಬ್ಲಾಕ್ ನಂಬರು, ಮನೆ ನಂಬರು, ಪಿನ್‌ಕೋಡು ಈಗ್ಲೇ ಕೇಳಿ ಬರೆದಿಟ್ಕೊಳ್ಳಿ, ಕೇಳೋ ನೆಪದಲ್ಲಿ ನಾವು ನಿಮ್ಮನೇಗೇ ಬರ್ತಿದೀವಿ ಅಂತಾನೂ ಹೇಳಿದ ಹಾಗಾಗತ್ತೆ.