ಹತ್ತು ಸಾವಿರ ಉಳಿಸುವ ಮೊದಲು ಸಪ್ತಾಪುರದ ಸಿ.ಡಿ. ಎಣಿಸಿ

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಮೇಲಿವೆ. ಹೊಸ ಗೇಮ್ ಕನ್ಸೋಲ್ (ವಿಡಿಯೊ ಗೇಮ್ ಆಡುವ ಮೆಷಿನ್) ತಗೊಳ್ಳಬೇಕು, ಅದರಲ್ಲೇ ಒಂದು ಕಡಿಮೆ ಬೆಲೆಯದ್ದಿದೆ, ಅದನ್ನೇ ತಗೊಳ್ಳಲಾ ಅಂತ. ನಾಲ್ವರಿಗೂ ಒಂದೇ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಈ ಸಲದ ಪುಟ ಪೂರ್ತಿ ಇದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಮಗ ಪಿಯುಸಿ ಮುಗಿಸಿದ. ಒಳ್ಳೆಯ ಅಂಕ ಬಂದರೆ ಪಿಎಸ್5 (ಸೋನಿಯವರ ಪ್ಲೇಸ್ಟೇಷನ್ 5) ಕೊಡಿಸುತ್ತೇನೆ ಅಂತ ಅವರಪ್ಪ ಮಾತು ಕೊಟ್ಟಿದ್ದರು, ಅಂಕ ಬಂತು. ಕೊಪ್ಪಿಕರ್ ರೋಡಿನ ಅಂಗಡಿಯಲ್ಲಿ ಎರಡು ಥರ ತೋರಿಸಿದರು. ಒಂದಕ್ಕೆ ಸಿ.ಡಿ. ಹಾಕಬಹುದು, ಇನ್ನೊಂದಕ್ಕೆ ಆಗಲ್ಲ. ಆಗದ್ದಕ್ಕೆ ಹತ್ತು ಸಾವಿರ ಕಡಿಮೆ. ‘ಈಗ ಸಿ.ಡಿ. ಯಾರ್ ಹಾಕ್ತಾರ್ರಿ ಅಕ್ಕಾರ, ಎಲ್ಲಾ ನೆಟ್‌ನಾಗ ಬರ್ತದ’ ಅಂದರು. ನಮ್ಮ ಮನೆಯವರಿಗೂ ಅದೇ ಸರಿ ಅನ್ನಿಸಿದೆ. ಮಗ ಮಾತ್ರ ಮುಖ ಸಣ್ಣ ಮಾಡಿಕೊಂಡಿದ್ದಾನೆ. ಧಾರವಾಡದ ಸಪ್ತಾಪುರದಲ್ಲಿ ನಮ್ಮ ಅಣ್ಣನ ಮನೆ ಇದೆ. ಅವನ ಮಗನ ಹತ್ತಿರ ಅದರ ಹಿಂದಿನ ಪಿಎಸ್4 ಮತ್ತು ಹತ್ತು-ಹನ್ನೆರಡು ಸಿ.ಡಿ. ಇವೆ. ಅವನ್ನು ತಂದು ಆಡಬಹುದು ಅನ್ನುವುದು ಇವನ ವಾದ. ಯಾರ ಮಾತು ಕೇಳಲಿ?
— ಒಬ್ಬ ತಾಯಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮಗನ ಮಾತು ಕೇಳಿ, ಅಕ್ಕಾರೇ. ಅವನು ಹಟ ಮಾಡುತ್ತಿಲ್ಲ, ಲೆಕ್ಕ ಹಾಕಿದ್ದಾನೆ.

ಮೊದಲು ಒಂದು ಭಯ ಬಿಡಿ. ಕಡಿಮೆ ಬೆಲೆಯ ಪಿಎಸ್5 ಅಂದರೆ ಕಡಿಮೆ ಶಕ್ತಿಯ ಪಿಎಸ್5 ಅಲ್ಲ. ಒಳಗಿನ ಪ್ರೊಸೆಸರ್ ಅದೇ, ಮೆಮೊರಿ ಅದೇ 16 ಜಿಬಿ, ಟಿ.ವಿ. ಮೇಲೆ ಬರುವ ಚಿತ್ರವೂ ಅದೇ. ಈಗಿನ ಸ್ಲಿಮ್ (ಮೊದಲಿನದಕ್ಕಿಂತ ಚಿಕ್ಕ) ಮಾಡೆಲ್ 2024ರ ಏಪ್ರಿಲ್‌ನಲ್ಲಿ ನಮ್ಮ ದೇಶಕ್ಕೆ ಬಂದಾಗ ಸಿ.ಡಿ. ಹಾಕುವ ಜಾಗ (ಡಿಸ್ಕ್ ಡ್ರೈವ್) ಇರುವುದಕ್ಕೆ 54,990 ರೂಪಾಯಿ, ಇಲ್ಲದ ಡಿಜಿಟಲ್‌ಗೆ 44,990 ರೂಪಾಯಿ ಇತ್ತು. ಆ ಹತ್ತು ಸಾವಿರ ಬರೀ ಸಿ.ಡಿ. ಹಾಕುವ ಜಾಗಕ್ಕೆ. ಹಾಗಾಗಿ ಆ ಜಾಗದಿಂದ ನಿಮ್ಮ ಮನೆಗೆ ಏನು ಉಪಯೋಗ ಅಂತ ಅಷ್ಟೇ ನೋಡಬೇಕು.

ನಿಮ್ಮ ಮನೆಗೆ ತುಂಬಾ ಉಪಯೋಗ ಇದೆ. ಪಿಎಸ್4ರ ಬಹುತೇಕ ಎಲ್ಲ ಸಿ.ಡಿ.ಗಳೂ ಪಿಎಸ್5ರಲ್ಲಿ ಓಡುತ್ತವೆ. (ಪಿಎಸ್3, ಪಿಎಸ್2ದ್ದು ಓಡಲ್ಲ, ಅಟ್ಟದ ಮೇಲೆ ಅಂಥವು ಇದ್ದರೆ ಲೆಕ್ಕಕ್ಕೆ ಹಿಡಿಯಬೇಡಿ.) ಅಂದರೆ ಸಪ್ತಾಪುರದಲ್ಲಿ ಹತ್ತು-ಹನ್ನೆರಡು ಗೇಮ್ ನಿಮ್ಮ ಹುಡುಗನಿಗಾಗಿ ಕಾದು ಕೂತಿವೆ, ಚಿಗರಿ ಬಸ್ ಹತ್ತಿ ಹೋಗಿ ಬ್ಯಾಗಿನಲ್ಲಿ ಹಾಕಿಕೊಂಡು ಬಂದರೆ ಆಯ್ತು. ಡಿಜಿಟಲ್ ಮಾಡೆಲ್ ತಂದರೆ ಅದೇ ಗೇಮ್‌ಗಳನ್ನು ಅವನು ಮತ್ತೆ ದುಡ್ಡು ಕೊಟ್ಟು ಕೊಳ್ಳಬೇಕು. ಅಣ್ಣನ ಮಗನ ಹತ್ತಿರ ಸಿ.ಡಿ. ಇದೆ ಅಂತ ಸೋನಿಯವರು ಪುಕ್ಕಟೆ ಕೊಡುವುದಿಲ್ಲ.

ಇನ್ನು ಹೊಸ ಗೇಮ್‌ಗಳ ವಿಷಯ. ದೊಡ್ಡ ಗೇಮ್ ಹೊಸದಾಗಿ ಬಂದಾಗ 4ರಿಂದ 5 ಸಾವಿರ ರೂಪಾಯಿ ಆಗುತ್ತದೆ. ಸುಮ್ನೆ ಲೆಕ್ಕಕ್ಕೆ ಅಂತ 4,000 ಹಿಡಿಯಿರಿ. ಸಿ.ಡಿ. ಕೊಂಡು, ಎರಡು ತಿಂಗಳು ಆಡಿ, 2,500ಕ್ಕೆ ಇನ್ನೊಬ್ಬ ಹುಡುಗನಿಗೆ ಕೊಟ್ಟ ಅಂದುಕೊಳ್ಳಿ. ಆಡಿದ್ದಕ್ಕೆ 1,500 ಬಿತ್ತು. ನೆಟ್‌ನಲ್ಲಿ ಕೊಂಡಿದ್ದರೆ ಪೂರ್ತಿ 4,000 ಹೋಯಿತು, ಯಾಕೆಂದರೆ ಅದನ್ನು ಮಾರಲು ಬರುವುದಿಲ್ಲ, ಗೆಳೆಯನಿಗೆ ನಾಲ್ಕು ದಿನಕ್ಕೆ ಅಂತ ಕೊಡಲೂ ಬರುವುದಿಲ್ಲ. ಹೀಗೆ ನಾಲ್ಕು ಗೇಮ್ ಆಗುವಷ್ಟರಲ್ಲಿ ನೀವು ಅಂಗಡಿಯಲ್ಲಿ ಉಳಿಸಿದ ಹತ್ತು ಸಾವಿರ ಮುಗಿದಿರುತ್ತದೆ. ಕಾಲೇಜು ಸೇರುವ ಹುಡುಗನಿಗೆ ನಾಲ್ಕು ಗೇಮ್ ಮುಗಿಸಲು ವರ್ಷವೂ ಬೇಕಾಗುವುದಿಲ್ಲ ಅಲ್ವಾ?

ಆದರೆ ಅಂಗಡಿಯವರು ಸುಳ್ಳು ಹೇಳಿದರು ಅಂತಲೂ ಅಲ್ಲ. ನೆಟ್ ಸ್ಟೋರ್‌ನಲ್ಲಿ ವರ್ಷಕ್ಕೆ ಹಲವು ಸಲ ಸೇಲ್ ಬರುತ್ತದೆ, ಹಳೆಯ ಗೇಮ್‌ಗಳು ಅರ್ಧ ಬೆಲೆಗೂ ಕೆಳಗೆ ಇಳಿಯುತ್ತವೆ. ಹೊಸದು ಬಂದ ದಿನವೇ ಬೇಕು ಅನ್ನದೆ ಕಾಯುವವರಿಗೆ ಅದು ಚೆನ್ನಾಗಿ ಹೊಂದುತ್ತದೆ. ಫೋರ್ಟ್‌ನೈಟ್, ರಾಕೆಟ್ ಲೀಗ್, ಇ-ಫುಟ್‌ಬಾಲ್ ಥರದ ಪುಕ್ಕಟೆ ಗೇಮ್‌ಗಳನ್ನೇ ಆಡುವವರಿಗೂ ಸಿ.ಡಿ. ಜಾಗ ಬೇಕಿಲ್ಲ. ಆ ಪುಕ್ಕಟೆ ಗೇಮ್‌ಗಳನ್ನು ಆನ್‌ಲೈನ್ ಆಡಲು ಪಿಎಸ್ ಪ್ಲಸ್ ಅನ್ನುವ ಚಂದಾ ಕೂಡ ಕಟ್ಟಬೇಕಿಲ್ಲ. ನಿಮ್ಮ ಅಣ್ಣನ ಮನೆಯಲ್ಲಿ ಸಿ.ಡಿ.ಗಳೇ ಇಲ್ಲದಿದ್ದರೆ, ಮಗ ಇಂಥವನ್ನೇ ಆಡುವವನಾಗಿದ್ದರೆ, ನಾನೇ ‘ಡಿಜಿಟಲ್ ತಗೊಳ್ಳಿ, ಉಳಿದ ದುಡ್ಡಲ್ಲಿ ಎರಡನೇ ಕಂಟ್ರೋಲರ್ (ಕೈಯಲ್ಲಿ ಹಿಡಿದು ಆಡಿಸುವ ಬಟನ್‌ಗಳ ಸಾಧನ) ಕೊಡಿಸಿ’ ಅನ್ನುತ್ತಿದ್ದೆ.

ಅಂಗಡಿಯಲ್ಲಿ ಇನ್ನೊಂದು ಮಾತು ಬರಬಹುದು: ‘ಈಗ ಡಿಜಿಟಲ್ ಒಯ್ಯಿರಿ, ಬೇಕಾದರೆ ಮುಂದೆ ಡ್ರೈವ್ ಹಾಕಿಸಿಕೊಳ್ಳಿ.’ ಸ್ಲಿಮ್ ಮಾಡೆಲ್‌ನಲ್ಲಿ ಇದು ನಿಜ. ಡಿಸ್ಕ್ ಡ್ರೈವ್ ಬೇರೆಯಾಗಿ ಬರುತ್ತದೆ, ಮನೆಯಲ್ಲೇ ಪಕ್ಕದ ಮುಚ್ಚಳ ತೆಗೆದು ಕೂರಿಸಬಹುದು, ಮೊದಲ ಸಲ ಜೋಡಿಸುವಾಗ ಮಾತ್ರ ನೆಟ್ ಬೇಕು. ಅಮೆರಿಕದಲ್ಲಿ ಆ ಡ್ರೈವ್ ಬಂದಾಗ ಬೆಲೆ 80 ಡಾಲರ್ ಇತ್ತು. ಹಾಗಾಗಿ ಮುಂದೆ ಹಾಕಿಸುವ ಯೋಚನೆ ಈಗಲೇ ಇದ್ದರೆ ಈಗಲೇ ಡಿಸ್ಕ್ ಮಾಡೆಲ್ ತಗೊಳ್ಳಿ, ಇಲ್ಲದಿದ್ದರೆ ಆ ಡ್ರೈವ್ ನಮ್ಮಲ್ಲಿ ಎಷ್ಟಕ್ಕೆ ಕೊಡುತ್ತೀರಿ ಅಂತ ಅದೇ ಅಂಗಡಿಯವರಿಂದ ಬರೆಸಿಕೊಳ್ಳಿ. ಸೆಕೆಂಡ್ ಹ್ಯಾಂಡ್ ನೋಡುವವರಿಗೂ ಒಂದು ಮಾತು. 2020ರಲ್ಲಿ ಬಂದ ಮೊದಲ ದೊಡ್ಡ ಡಿಜಿಟಲ್ ಮಾಡೆಲ್‌ಗೆ ಡ್ರೈವ್ ಹಾಕಲು ಬರುವುದೇ ಇಲ್ಲ. ಹಿಂದೆ ಬರೆದಿರುವ ಮಾಡೆಲ್ ನಂಬರ್ ಓದಿ, ಸಿಎಫ್‌ಐ-2000 ಸಾಲಿನದು ಅಂದರೆ ಸ್ಲಿಮ್.

ಡಿಸ್ಕ್ ತಗೊಂಡರೆ ನೆಟ್ ಬೇಡವೇ ಬೇಡ ಅಂತ ಮಗ ಹೇಳಿದ್ದರೆ ಅಷ್ಟು ಮಾತ್ರ ತಪ್ಪು. ಸಿ.ಡಿ. ಹಾಕಿದರೂ ಗೇಮ್ ಮೊದಲು ಮೆಷಿನ್ ಒಳಗೆ ಕಾಪಿ ಆಗುತ್ತದೆ, ಆಮೇಲೆ ಅಪ್‌ಡೇಟ್ ಬರುತ್ತಲೇ ಇರುತ್ತವೆ, ಮತ್ತು ಪ್ರತಿ ಸಲ ಆಡುವಾಗಲೂ ಆ ಸಿ.ಡಿ. ಒಳಗೆ ಇರಲೇಬೇಕು. ಸಪ್ತಾಪುರದಿಂದ ತಂದು ಕಾಪಿ ಮಾಡಿಕೊಂಡು ವಾಪಸ್ ಕೊಟ್ಟು ಆಡುತ್ತೇನೆ ಅಂದರೆ ಆಗಲ್ಲ. ಅಣ್ಣ-ತಮ್ಮ ಇಬ್ಬರೂ ಸರದಿ ಮಾಡಿಕೊಳ್ಳಬೇಕು.

ಇದೆಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದ ಒಂದು ಮಾತು ಹೇಳುತ್ತೇನೆ, ದಯವಿಟ್ಟು ಇದನ್ನು ಮರೆಯಬೇಡಿ. ನನ್ನ ತಂಗಿಯ ಮಗನಿಗೆ 2021ರಲ್ಲಿ ಡಿಜಿಟಲ್ ಮಾಡೆಲ್ ಕೊಡಿಸಿದ್ದೆವು. ಅಂಗಡಿಯ ಹುಡುಗ ‘ನಾನೇ ಎಲ್ಲಾ ಸೆಟ್ ಮಾಡಿ ಕೊಡ್ತೀನಿ’ ಅಂತ ಯಾವುದೋ ತನ್ನ ಇ-ಮೇಲ್ ಹಾಕಿ ಅಕೌಂಟ್ ತೆರೆದುಕೊಟ್ಟ. ನಮಗ್ಯಾರಿಗೂ ಅದರ ಅರ್ಥ ಆಗಲಿಲ್ಲ. ಎರಡು ವರ್ಷ ಹುಡುಗ ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಬಂದ ದುಡ್ಡು ಕೂಡಿಸಿ ಒಂದೊಂದೇ ಗೇಮ್ ಕೊಂಡ. ಒಂದು ದಿನ ಅದು ಪಾಸ್‌ವರ್ಡ್ ಕೇಳಿತು. ಆ ಅಂಗಡಿ ಅಷ್ಟೊತ್ತಿಗೆ ಮುಚ್ಚಿತ್ತು, ಆ ಇ-ಮೇಲ್ ಯಾರದು ಅಂತ ಗೊತ್ತಾಗಲೇ ಇಲ್ಲ. ಕೊಂಡ ಗೇಮ್‌ಗಳೆಲ್ಲ ಆ ಅಕೌಂಟ್ ಹೆಸರಲ್ಲಿ ಇದ್ದವು, ಅಲ್ಲೇ ಉಳಿದವು. ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವನಿಗೆ ಸಿಟ್ಟಿಗಿಂತ ದುಃಖ ಜಾಸ್ತಿ ಆಗಿತ್ತು. ಸಿ.ಡಿ. ಆಗಿದ್ದರೆ ಕಪಾಟಿನಲ್ಲಿ ಇರುತ್ತಿತ್ತು.

ಹಾಗಾಗಿ ಯಾವ ಮಾಡೆಲ್ ತಂದರೂ ಸೀಲ್ ಒಡೆಯದೆ ಮನೆಗೆ ತನ್ನಿ. ಅಕೌಂಟ್ ನಿಮ್ಮ ಮನೆಯವರದೇ ಇ-ಮೇಲ್, ನಿಮ್ಮದೇ ಫೋನ್ ನಂಬರ್‌ನಲ್ಲಿ ಮಾಡಿ. ಒಟಿಪಿ ಬಂದಮೇಲೇ ತೆರೆಯುವ ಎರಡು ಹಂತದ ಬೀಗ ಹಾಕಿ. ಪಾಸ್‌ವರ್ಡ್ ಒಂದು ಡೈರಿಯಲ್ಲಿ ಬರೆದಿಡಿ. ಮತ್ತೆ, ನೆಟ್‌ನಲ್ಲಿ ಗೇಮ್ ಕೊಂಡು ಡೌನ್‌ಲೋಡ್ ಶುರು ಮಾಡಿದ ಮೇಲೆ ಸಾಮಾನ್ಯವಾಗಿ ದುಡ್ಡು ವಾಪಸ್ ಬರುವುದಿಲ್ಲ, ಇದನ್ನು ಮಗನಿಗೂ ಹೇಳಿ.

ಪ್ರಶ್ನೆ: ನಮ್ಮಲ್ಲಿ ಅಣ್ಣ-ತಮ್ಮ ಇಬ್ಬರು ಮಕ್ಕಳು. ಮನೆಯಲ್ಲಿ 32 ಇಂಚಿನ ಟಿ.ವಿ. ಇದೆ. 35 ಸಾವಿರದ ಮೇಲೆ ಹೋಗುವ ಶಕ್ತಿ ಇಲ್ಲ. ಮೈಕ್ರೋಸಾಫ್ಟ್‌ನವರ ಕನ್ಸೋಲ್ ಎಕ್ಸ್‌ಬಾಕ್ಸ್‌ನಲ್ಲಿ ಸೀರೀಸ್ ಎಸ್ ಅನ್ನುವುದು ಕಡಿಮೆಗೆ ಸಿಗುತ್ತದೆ ಎನ್ನುತ್ತಾರೆ. ಅದು ಸೀರೀಸ್ ಎಕ್ಸ್‌ಗಿಂತ ತೀರಾ ಕೆಳಗಾ? ತಂದು ಆಮೇಲೆ ಮಕ್ಕಳು ಬೇಜಾರು ಮಾಡಿಕೊಳ್ಳಬಾರದು.
— ಒಬ್ಬ ತಂದೆ, ಬೆಟಗೇರಿ, ಗದಗ

ಉತ್ತರ: ಅಣ್ಣಾರೇ, ಮೇಲಿನ ಅಕ್ಕನವರ ಪ್ರಶ್ನೆಗೂ ನಿಮ್ಮದಕ್ಕೂ ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಸಿ.ಡಿ. ಜಾಗ ಒಂದು ಬಿಟ್ಟರೆ ಮೆಷಿನ್ ಅದೇ. ಇಲ್ಲಿ ಮೆಷಿನ್ನೇ ಬೇರೆ. 2020ರ ನವೆಂಬರ್‌ನಲ್ಲಿ ಎರಡೂ ಒಟ್ಟಿಗೆ ಬಂದಾಗ ನಮ್ಮಲ್ಲಿ ಸೀರೀಸ್ ಎಸ್‌ಗೆ 34,990, ಸೀರೀಸ್ ಎಕ್ಸ್‌ಗೆ 49,990 ರೂಪಾಯಿ ಇತ್ತು. ಎಸ್‌ನಲ್ಲಿ ಮೆಮೊರಿ 10 ಜಿಬಿ, ಎಕ್ಸ್‌ನಲ್ಲಿ 16. ಚಿತ್ರ ಬಿಡಿಸುವ ಶಕ್ತಿ ಸುಮಾರು ಮೂರನೇ ಒಂದು ಭಾಗ. ಸಿ.ಡಿ. ಜಾಗ ಇಲ್ಲ, ಮುಂದೆ ಹಾಕಿಸಲೂ ಬರುವುದಿಲ್ಲ.

ಕೇಳಿ ಗಾಬರಿ ಆಗಬೇಡಿ. ಆ ಹೆಚ್ಚಿನ ಶಕ್ತಿ ಮುಖ್ಯವಾಗಿ 4ಕೆ ಟಿ.ವಿ.ಗೆ ಬೇಕಾದದ್ದು. ನಿಮ್ಮ 32 ಇಂಚಿನ ಟಿ.ವಿ. ಬಹುಶಃ ಎಚ್‌ಡಿ ಅಥವಾ ಫುಲ್ ಎಚ್‌ಡಿ ಇರುತ್ತದೆ. ಎಸ್ ಅನ್ನು ಅದಕ್ಕಿಂತ ಸ್ವಲ್ಪ ಮೇಲಿನ ಚಿತ್ರಕ್ಕೆ ಅಂತಲೇ ಮಾಡಿದ್ದಾರೆ. ಆ ಟಿ.ವಿ. ಮುಂದೆ ಕೂತ ಮಕ್ಕಳಿಗೆ ಚಿತ್ರದಲ್ಲಿ ಕೊರತೆ ಕಾಣಿಸುವುದು ಕಡಿಮೆ.

ನನಗೆ ಚಿಂತೆ ಇರುವುದು ‘ಇಬ್ಬರು ಮಕ್ಕಳು’ ಅನ್ನುವ ಮಾತಿನ ಮೇಲೆ. ಇಬ್ಬರೂ ಒಂದೇ ಟಿ.ವಿ.ಯಲ್ಲಿ ಪರದೆ ಅರ್ಧ-ಅರ್ಧ ಮಾಡಿಕೊಂಡು ಆಡುವಾಗ ಮೆಷಿನ್‌ಗೆ ಕೆಲಸ ಜಾಸ್ತಿ, ಮೆಮೊರಿಯೂ ಜಾಸ್ತಿ ಬೇಕು. 2023ರಲ್ಲಿ ಬಾಲ್ಡರ್ಸ್ ಗೇಟ್ 3 ಅನ್ನುವ ದೊಡ್ಡ ಗೇಮ್ ಎಕ್ಸ್‌ಬಾಕ್ಸ್‌ಗೆ ತಡವಾಗಿ ಬಂತು, ಕಾರಣ ಇದೇ. ಸೀರೀಸ್ ಎಸ್‌ನಲ್ಲಿ ಆ ಅರ್ಧ-ಅರ್ಧ ಪರದೆ ಓಡಿಸಲು ಆಗದೆ, ಕೊನೆಗೆ ಎಸ್‌ನಲ್ಲಿ ಅದನ್ನು ಬಿಟ್ಟೇ ಡಿಸೆಂಬರ್‌ನಲ್ಲಿ ಗೇಮ್ ತಂದರು. ಫುಟ್‌ಬಾಲ್, ಕ್ರಿಕೆಟ್, ಕುಸ್ತಿಯಂಥ ಆಟಗಳಲ್ಲಿ ಈ ತೊಂದರೆ ಇಲ್ಲ, ಅಲ್ಲಿ ಇಬ್ಬರಿಗೂ ಒಂದೇ ಪರದೆ. ಮಕ್ಕಳಿಗೆ ಯಾವ ಗೇಮ್ ಬೇಕು ಅಂತ ಕೇಳಿ ಒಂದು ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ‘ಸೀರೀಸ್ ಎಸ್‌ನಲ್ಲಿ ಇಬ್ಬರು ಕೂತು ಆಡಬಹುದಾ’ ಅಂತ ನೋಡಿ.

ಇನ್ನೊಂದು, ಜಾಗ. 512 ಜಿಬಿ ಅಂತ ಡಬ್ಬಿ ಮೇಲೆ ಇದ್ದರೂ ಗೇಮ್ ಇಡಲು ಸಿಗುವುದು ಸುಮಾರು 364 ಜಿಬಿ. ನೂರು ಜಿಬಿಯ ಗೇಮ್ ಆದರೆ ಮೂರು ಹಿಡಿಯುತ್ತವೆ. ನಾಲ್ಕನೆಯದು ಬೇಕೆಂದರೆ ಒಂದನ್ನು ಅಳಿಸಬೇಕು, ಯಾರದ್ದನ್ನು ಅಳಿಸುವುದು ಅಂತ ಅಲ್ಲಿ ಜಗಳ ಶುರು. ಜಾಗ ಹೆಚ್ಚಿಸಲು ಅದಕ್ಕೆಂದೇ ಮಾಡಿದ ಕಾರ್ಡ್ ಹಾಕಬೇಕು, ಅದು ತುಟ್ಟಿ. ಮಾಮೂಲಿ ಯುಎಸ್‌ಬಿ ಹಾರ್ಡ್ ಡಿಸ್ಕ್‌ನಲ್ಲಿ ಹೊಸ ಗೇಮ್ ಇಟ್ಟುಕೊಳ್ಳಬಹುದು, ಅಲ್ಲಿಂದಲೇ ಆಡಲು ಬರುವುದಿಲ್ಲ. ಆಡುವಾಗ ಒಳಗೆ ಎಳೆದುಕೊಳ್ಳಬೇಕು. ಆದರೂ ಮತ್ತೆ ಡೌನ್‌ಲೋಡ್ ಮಾಡುವುದು ತಪ್ಪುತ್ತದೆ, ಮನೆಯಲ್ಲಿ ಹಳೇ ಹಾರ್ಡ್ ಡಿಸ್ಕ್ ಇದ್ದರೆ ತೆಗೆದಿಡಿ. 1 ಟಿಬಿಯ ಸೀರೀಸ್ ಎಸ್ ಕೂಡ 2023ರಲ್ಲಿ ಬಂದಿದೆ, ಕೈಗೆಟುಕುವ ಬೆಲೆಗೆ ಸಿಕ್ಕರೆ ಅದನ್ನೇ ನೋಡಿ.

ಡಬ್ಬಿಯಲ್ಲಿ ಒಂದೇ ಕಂಟ್ರೋಲರ್ ಇರುತ್ತದೆ. ಎರಡನೆಯದಕ್ಕೂ, ಹಲವು ಗೇಮ್ ಆಡಲು ಬಿಡುವ ಗೇಮ್ ಪಾಸ್ ಚಂದಾಕ್ಕೂ ಬೇರೆ ದುಡ್ಡು ಬೇಕು, ಮೆಷಿನ್ ಬೆಲೆ ಕಳೆದ ಮೇಲೆ ನಿಮ್ಮ 35 ಸಾವಿರದಲ್ಲಿ ಅಷ್ಟು ಉಳಿಯುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಚಂದಾವನ್ನು ತಿಂಗಳ ಲೆಕ್ಕದಲ್ಲಿ ನೋಡಬೇಡಿ, ವರ್ಷಕ್ಕೆ ಎಷ್ಟಾಯಿತು ಅಂತ ಗುಣಿಸಿ ನೋಡಿ. ಟಿ.ವಿ. ಇದೇ ಇರುತ್ತದೆ ಅಂದರೆ ಸೀರೀಸ್ ಎಸ್ ಧೈರ್ಯವಾಗಿ ತನ್ನಿ. ಎರಡು ವರ್ಷದಲ್ಲಿ ದೊಡ್ಡ 4ಕೆ ಟಿ.ವಿ. ತರುವ ಆಸೆ ಇದ್ದರೆ ಈ ದುಡ್ಡು ಹಾಗೇ ಇಡಿ, ಇನ್ನಷ್ಟು ಕೂಡಿಸಿ.

ಪ್ರಶ್ನೆ: ನಮ್ಮೂರಲ್ಲಿ ಮನೆಗೆ ಕೇಬಲ್ ನೆಟ್ ಇಲ್ಲ. ಮೊಬೈಲ್ ಹಾಟ್‌ಸ್ಪಾಟ್, ದಿನಕ್ಕೆ 2 ಜಿಬಿ. ಡಿಜಿಟಲ್ ಪಿಎಸ್5 ನಡೆಯುತ್ತದಾ?
— ಒಬ್ಬ ಓದುಗ, ಬ್ಯಾಡಗಿ ತಾಲ್ಲೂಕು, ಹಾವೇರಿ

ಉತ್ತರ: ಇಲ್ಲ ತಮ್ಮಾ, ತಗೋಬೇಡ. ನೂರು ಜಿಬಿಯ ಒಂದು ಗೇಮ್ ಇಳಿಸಲು ನಿನಗೆ 50 ದಿನ ಬೇಕು, ಅದೂ ಆ 50 ದಿನ ಫೋನಿನಲ್ಲಿ ಬೇರೆ ಏನೂ ನೋಡದಿದ್ದರೆ. 40 ಎಂಬಿಪಿಎಸ್ ಫೈಬರ್ ಇದ್ದವರಿಗೆ ಅದೇ ಕೆಲಸ ಐದೂವರೆ ಗಂಟೆ. ಡಿಸ್ಕ್ ಮಾಡೆಲ್ ತಗೊಂಡರೆ ಗೇಮ್‌ನ ಹೆಚ್ಚಿನ ಭಾಗ ಸಿ.ಡಿ.ಯಿಂದಲೇ ಬರುತ್ತದೆ, ಅಪ್‌ಡೇಟ್‌ಗಳನ್ನು ಸ್ವಲ್ಪ ಸ್ವಲ್ಪ ಇಳಿಸಿಕೊಳ್ಳಬಹುದು, ಊರಲ್ಲಿ ಫೈಬರ್ ಬರುವವರೆಗೆ ಕಥೆ ಇರುವ ಒಬ್ಬರೇ ಆಡುವ ಗೇಮ್‌ಗಳನ್ನು ಆಡಿಕೊಂಡಿರು. ಕರೆಂಟ್ ಹೋಗಿ ಬರುವ ಕಡೆ ಒಂದು ಯುಪಿಎಸ್ ಇರಲಿ. ಆಡುವಾಗ ಪಿಎಸ್5 ಸುಮಾರು 200 ವ್ಯಾಟ್ ಎಳೆಯುತ್ತದೆ, ಟಿ.ವಿ.ಯದ್ದೂ ಸೇರಿಸಿ ಅದಕ್ಕೆ ತಕ್ಕದ್ದು ಕೇಳು.

ಪ್ರಶ್ನೆ: ಕೈಯಲ್ಲಿ ಹಿಡಿದು ಆಡುವ ಕನ್ಸೋಲ್ ನಿಂಟೆಂಡೊ ಸ್ವಿಚ್ ಲೈಟ್ ಸಾಕಾ, ದೊಡ್ಡ ಸ್ವಿಚ್ಚೇ ಬೇಕಾ? ಹಾಸ್ಟೆಲ್‌ನಲ್ಲಿ ಇರುತ್ತೇನೆ.
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿನಗೆ ಲೈಟ್ ಸಾಕು, ತಂಗಿ. 2019ರಲ್ಲಿ ಬಂದಾಗ ಅದು ದೊಡ್ಡದಕ್ಕಿಂತ 100 ಡಾಲರ್ ಕಡಿಮೆ ಇತ್ತು. ಆ ಕಡಿಮೆ ಬೆಲೆಗೆ ತೆಗೆದದ್ದು ಟಿ.ವಿ.ಗೆ ಜೋಡಿಸುವ ಸೌಲಭ್ಯವನ್ನು, ಬಿಚ್ಚಿ ಇನ್ನೊಬ್ಬರಿಗೆ ಕೊಡುವ ಕಂಟ್ರೋಲರ್‌ಗಳನ್ನು. ಹಾಸ್ಟೆಲ್ ರೂಮಿನಲ್ಲಿ ಟಿ.ವಿ. ಇಲ್ಲ, ಮಂಚದ ಮೇಲೆ ಕೈಯಲ್ಲಿ ಹಿಡಿದು ಆಡುತ್ತೀಯ. ಇಲ್ಲದ ಟಿ.ವಿ.ಗೆ ದುಡ್ಡು ಯಾಕೆ? ಗೇಮ್ ಕಾರ್ಡ್ ಹಾಕುವ ಜಾಗ ಲೈಟ್‌ನಲ್ಲೂ ಇದೆ, ಹಾಗಾಗಿ ಗೆಳತಿಯರ ಹತ್ತಿರ ಇಸಿದುಕೊಂಡು ಆಡಬಹುದು, ಆಡಿ ಮುಗಿದದ್ದನ್ನು ಮಾರಬಹುದು.

ಎರಡು ವಿಷಯ ತಿಳಿದಿರಲಿ. ನಿಂಟೆಂಡೊ ನಮ್ಮ ದೇಶದಲ್ಲಿ ನೇರವಾಗಿ ಮಾರುವುದಿಲ್ಲ, ಇಲ್ಲಿ ಸಿಗುವುದು ಹೊರಗಿನಿಂದ ತರಿಸಿದ ಮಾಲು, ಕೆಟ್ಟರೆ ಕಂಪನಿಯ ವಾರಂಟಿ ಇಲ್ಲಿ ಸಿಗುವುದಿಲ್ಲ. ಅಂಗಡಿಯವರು ತಾವೇ ಎಷ್ಟು ತಿಂಗಳು ನೋಡಿಕೊಳ್ಳುತ್ತಾರೆ ಅಂತ ಬಿಲ್ ಮೇಲೆ ಬರೆಸಿಕೋ. ಮತ್ತೆ, 2025ರ ಜೂನ್‌ನಲ್ಲಿ ಸ್ವಿಚ್ 2 ಬಂದಿದೆ, ಅದಕ್ಕೆಂದೇ ಮಾಡಿದ ಗೇಮ್‌ಗಳು ಲೈಟ್‌ನಲ್ಲಿ ಓಡುವುದಿಲ್ಲ. ಕಾರ್ಡ್ ಕೊಳ್ಳುವಾಗ ಡಬ್ಬಿ ಮೇಲೆ ‘ಸ್ವಿಚ್ 2’ ಅಂತ ಇದೆಯಾ ನೋಡಿಕೊಂಡು ಕೊಳ್ಳು.